ನೂರರ ಮೇಲೊಂದು ಪೌಂಡು

18 ನವೆಂಬರ್ 2024, ಸೋಮವಾರ

ಬೆಳಿಗ್ಗೆಯಿಂದ ಮೂರು ಚೀಲ. ರಸೀದಿಗಳನ್ನು ಕ್ಯಾರಿಯರ್ ಬ್ಯಾಗಿನಲ್ಲಿ ತುಂಬಿ ತಂದು ನನ್ನ ಮೇಜಿನ ಮೇಲೆ ಸುರಿದು ಹೋಗುತ್ತಾರೆ. ವ್ಯಾನ್ ಓಡಿಸುವವನು, ಡ್ರೈವಿಂಗ್ ಕಲಿಸುವವನು, ಮದುವೆಗಳಿಗೆ ಮೆಹಂದಿ ಹಾಕುವ ಹೆಂಗಸು. ಸ್ವಂತ ದುಡಿಮೆಯವರ ಟ್ಯಾಕ್ಸ್ ರಿಟರ್ನ್ ಜನವರಿ ಮೂವತ್ತೊಂದರೊಳಗೆ ಹೋಗಬೇಕು. ಸೌತ್‌ಹಾಲ್ ಬ್ರಾಡ್‌ವೇಯ ಸೀರೆ ಅಂಗಡಿಯ ಮೇಲಿನ ಈ ರೂಮಿನಲ್ಲಿ ನನ್ನ ಹತ್ತೊಂಬತ್ತನೇ ಸೀಸನ್. ಮೆಹಂದಿಯವಳ ರಸೀದಿಗಳ ನಡುವೆ ಅರ್ಧ ತಿಂದ ಸಮೋಸ ಸಿಕ್ಕಿತು. ಇದನ್ನೂ ಖರ್ಚಿಗೆ ಹಾಕಲೇ ಎಂದೆ. ನಕ್ಕಳು.

ನಾಲ್ಕನೆಯವರು ಆನಂದತೀರ್ಥ ಆಚಾರ್ಯರು. ಪುರೋಹಿತರು. ಇತ್ತ ಸ್ಲೌವರೆಗೆ, ಅತ್ತ ಎಜ್‌ವೇರ್‌ವರೆಗೆ, ನಮ್ಮವರ ಮನೆಗಳ ಸತ್ಯನಾರಾಯಣ ಪೂಜೆ, ನಾಮಕರಣ, ಗೃಹಪ್ರವೇಶ ಎಲ್ಲ ಅವರದೇ. ಈ ದೇಶದಲ್ಲಿ ಪುರೋಹಿತರೂ ಪ್ಲಂಬರ್ ತುಂಬುವ ಫಾರಮ್ಮನ್ನೇ ತುಂಬಬೇಕು. ಚೀಲ ತರುವುದಿಲ್ಲ. ಒಂದೇ ಹಾಳೆ. ಬ್ಯಾಂಕಿಗೆ ಬಂದ ಅರವತ್ತೊಂದು ಜಮೆ.

"ಉಳಿದದ್ದು?" ಎಂದೆ.

"ಉಳಿದದ್ದು ಎಂತದು ಮಾರಾಯ್ರೇ?"

"ಕವರಿನಲ್ಲಿ ಬಂದದ್ದು."

"ಅದು ದಕ್ಷಿಣೆ ಅಲ್ವಾ. ನಾನು ಬಿಲ್ ಕೊಡ್ಲಿಕ್ಕಿಲ್ಲ, ರೇಟ್ ಹೇಳ್ಲಿಕ್ಕಿಲ್ಲ. ಅವರಾಗಿ ಕೈಮುಗಿದು ಕೊಡುದು. ಅದು ಸಂಪಾದನೆ ಹೇಗಾಗ್ತದೆ?"

"ಇಲ್ಲಿಯ ಕಾನೂನಿಗೆ ಆ ಪದ ಗೊತ್ತಿಲ್ಲ."

"ಗೊತ್ತಿಲ್ಲದವರಿಗೆ ಹೇಳಿಕೊಡ್ಲಿಕ್ಕೆ ನೀವ್ಯಾಕೆ ಹೋಗ್ತೀರಿ?"

ಪ್ರತಿವರ್ಷದ ಮಾತು. ಕೊನೆಗೆ ಕವರುಗಳ ಲೆಕ್ಕಕ್ಕೆ ಅಂದಾಜು ಎಂದು ಒಂದಿಷ್ಟು ಸೇರಿಸುತ್ತಾರೆ, ನಾನು ಬರೆಯುತ್ತೇನೆ. ವರ್ಷಕ್ಕೆ ಹನ್ನೊಂದು ಸಾವಿರದ ನಾನೂರು ಪೌಂಡ್. ಆ ಅಂಕೆ ಟ್ಯಾಕ್ಸಿಗೆ ಮಾತ್ರ ಹೋಗುವುದಿಲ್ಲ. ಬೇರೆಯಾದ ತಂದೆ ಮಗುವಿನ ಖರ್ಚಿಗೆ ಎಷ್ಟು ಕೊಡಬೇಕೆಂದು ಲೆಕ್ಕ ಹಾಕುವ ಸರ್ಕಾರಿ ಕಚೇರಿಯೊಂದಿದೆ. ಅದು ಇದೇ ಅಂಕೆಯನ್ನು ಎತ್ತಿಕೊಳ್ಳುತ್ತದೆ. ಅವರ ಮಗಳು ಸೃಷ್ಟಿಗೆ ವಾರಕ್ಕೆ ಇಪ್ಪತ್ತೆರಡು ಪೌಂಡ್.

ನನಗೆ ಗೊತ್ತು. ಗೊತ್ತಿದ್ದೇ ಬರೆದದ್ದು, ಮೂರು ವರ್ಷ.

23 ನವೆಂಬರ್, ಶನಿವಾರ

ಸೃಷ್ಟಿ ಬಂದಿದ್ದಳು. ಒಂಬತ್ತು ವರ್ಷ. ಶುಕ್ರವಾರ ರಾತ್ರಿ ಅಪ್ಪನ ಬಾಡಿಗೆ ರೂಮಿನಲ್ಲಿ. ಶನಿವಾರ ಬೆಳಿಗ್ಗೆ ಅವರು ಪೂಜೆಗೆ ಹೋಗುವಾಗ ಅವಳನ್ನು ನಮ್ಮ ಮನೆಯಲ್ಲಿ ಇಳಿಸುತ್ತಾರೆ. ಅಮ್ಮ ಗಾರ್ಗಿ ವಾರವೆಲ್ಲ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್, ಶನಿವಾರ ಅಕ್ಸ್‌ಬ್ರಿಡ್ಜ್‌ನ ಚಪ್ಪಲಿ ಅಂಗಡಿಯಲ್ಲಿ. ಸಂಜೆ ಆರಕ್ಕೆ ಬಂದು ಕರೆದೊಯ್ಯುತ್ತಾಳೆ. ಅಪ್ಪ ಅಮ್ಮ ಎದುರಾಗುವುದಿಲ್ಲ. ನಡುವೆ ನನ್ನ ಹೆಂಡತಿ ವಿಜಯಾಳ ದೋಸೆ, ನನ್ನ ಕಥೆ.

ಇವತ್ತು ಹಸು ಮಾರಲು ಸಂತೆಗೆ ಹೊರಟ ಮೂಗನ ಕಥೆ. ಕೇಳುವುದು ಕನ್ನಡದಲ್ಲಿ, ಪ್ರಶ್ನೆ ಇಂಗ್ಲಿಷಿನಲ್ಲಿ.

"ಹೌ ಮೆನಿ ಕೌಸ್, ಮಾಮ?"

"ಹನ್ನೆರಡು. ಒಂದಕ್ಕೆ ಎಡಗೊಂಬು ಮುರಿದಿತ್ತು."

"ಓಕೆ," ಎಂದಳು. ನಂಬಿದಳು.

ನಮ್ಮೂರ ಗಾಣದಜ್ಜ ಕಲಿಸಿದ್ದು ಇದು. ಎತ್ತು ಸುತ್ತುತ್ತಿತ್ತು, ಎಣ್ಣೆ ತೊಟ್ಟಿಕ್ಕುತ್ತಿತ್ತು, ನಾವು ಹುಡುಗರು ಹಿಂಡಿ ತಿನ್ನುತ್ತ ಕೂತಿರುತ್ತಿದ್ದೆವು. "ಸುಮಾರು ಹತ್ತು ಹಸ ಅಂದ್ರೆ ಸುಳ್ಳು ಅಂತಾರೆ ಕಣ್ಲಾ. ಹನ್ನೆರಡು ಅನ್ನು. ಲೆಕ್ಕ ಕೊಟ್ರೆ ಕಥೆ ನಿಲ್ತದೆ." ಐವತ್ತು ವರ್ಷವಾಯಿತು. ಇನ್ನೂ ನಿಲ್ಲುತ್ತಿದೆ.

9 ಡಿಸೆಂಬರ್, ಸೋಮವಾರ

ಗಾರ್ಗಿ ಮನೆಗೆ ಬಂದಳು. ಕೈಯಲ್ಲಿ ಲ್ಯಾಂಡ್‌ಲಾರ್ಡ್ ಕಾಗದ. ಫೆಬ್ರವರಿಯಿಂದ ಬಾಡಿಗೆ ತಿಂಗಳಿಗೆ ಇನ್ನೂರು ಪೌಂಡ್ ಜಾಸ್ತಿ. ಕಡಿಮೆ ಮಾಡಿ ಎಂದು ಒಂದು ಪತ್ರ ಬರೆದುಕೊಡಬೇಕಂತೆ.

ಬರೆದುಕೊಟ್ಟೆ. ವಿಜಯಾ ಚಹಾ ತಂದಳು. ಗಾರ್ಗಿ ಲೋಟ ಹಿಡಿದುಕೊಂಡೇ ಕೂತಳು, ಕುಡಿಯಲಿಲ್ಲ.

"ಅಣ್ಣಾ, ನೀವ ಅವರ ಲೆಕ್ಕ ಬರೀತೀರಿ ಅಂತ ನಂಗ ಗೊತ್ತದ. ಅದಕ್ಕ ನಿಮ್ಮನ್ನ ಏನೂ ಕೇಳಂಗಿಲ್ಲ. ನೀವೂ ಏನೂ ಹೇಳಬ್ಯಾಡ್ರಿ."

"ಆ ಕಚೇರಿಗೆ ಫೋನ್ ಮಾಡಿದೆಯಾ?"

"ಎಷ್ಟ ಸಲ! ಅವರ ಆದಾಯ ಇಷ್ಟ ಅಂತ ಕಂಪ್ಯೂಟರ್ ಹೇಳ್ತದ ಅಂತಾರ. ಪುರಾವೆ ಕೊಡ್ರಿ ಅಂತಾರ. ನಾನೇನು ಅವರ ಹಿಂದ ಮನಿಮನಿಗೆ ಪೂಜಾಕ್ಕ ಹೋಗಿ ಕವರ್ ಎಣಸಲೇನು?"

ವಿಜಯಾ ನಕ್ಕಳು. ಗಾರ್ಗಿಯೂ ನಕ್ಕಳು. ನನಗೆ ನಗು ಬರಲಿಲ್ಲ.

11 ಜನವರಿ 2025, ಶನಿವಾರ

ಇದನ್ನು ಸರಿಯಾಗಿ ಬರೆದಿಡಬೇಕು.

ಸೃಷ್ಟಿ ಬ್ಯಾಗಿನಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬಿ ತಂದಿದ್ದಳು. ಅವಳ ಕೈ ಜಗ್ಗುವಷ್ಟು ಭಾರ. ಮುಚ್ಚಳಕ್ಕೆ ಟೇಪ್, ಟೇಪಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ "ಯುಗಾದಿ ಟು ಯುಗಾದಿ". ಶಾಲೆಯಿಂದ ವೇಲ್ಸ್‌ಗೆ ಐದು ದಿನದ ಟ್ರಿಪ್. ಮುನ್ನೂರ ನಲವತ್ತು ಪೌಂಡ್. ಅಮ್ಮನನ್ನು ಕೇಳಿಲ್ಲ. ಕೇಳುವುದೂ ಇಲ್ಲ. ತನ್ನ ಹತ್ತಿರ ಎಷ್ಟಿದೆ ನೋಡಬೇಕು, ಎಣಿಸಲು ಸಹಾಯ ಬೇಕು.

ಜಮಖಾನದ ಮೇಲೆ ಸುರಿದಳು. ಎಲ್ಲ ಒಂದು ಪೌಂಡಿನ ನಾಣ್ಯ.

"ಎಲ್ಲಿಂದ ಬಂತೇ ಇಷ್ಟೊಂದು?"

"ಅಪ್ಪ. ಪೀಪಲ್ ಗಿವ್ ಹಿಮ್ ಹಂಡ್ರೆಡ್ ಅಂಡ್ ಒನ್. ದ ಹಂಡ್ರೆಡ್ ಈಸ್ ಹಿಸ್, ದ ಒನ್ ಈಸ್ ಮೈನ್."

ನಮ್ಮವರು ಸೊನ್ನೆಯಲ್ಲಿ ನಿಲ್ಲಿಸಿ ಕೊಡುವುದಿಲ್ಲ. ಐದು ಇಪ್ಪತ್ತರ ನೋಟು, ಮೇಲೊಂದು ನಾಣ್ಯ. ಪ್ರತಿ ಕವರಿನ ಆ ನಾಣ್ಯವನ್ನು ಅವರು ಮಗಳಿಗೆ ಎತ್ತಿಡುತ್ತಾರೆ. ಯುಗಾದಿಗೆ ಡಬ್ಬಿ ಕಟ್ಟಿ ಹೊಸದು ಶುರು. ಹೊಸದನ್ನು ಮುಂದಿನ ಯುಗಾದಿವರೆಗೆ ತೆರೆಯುವಂತಿಲ್ಲ, ಅಪ್ಪನ ರೂಲ್. ಇದು ಹೋದ ವರ್ಷದ್ದು.

ಹತ್ತು ಹತ್ತರ ಕಂಬ ಕಟ್ಟಿದೆವು. ಹತ್ತು ಕಂಬಕ್ಕೊಂದು ಊರು. ಮೊದಲ ಊರಿಗೆ ರಾಜ, ಎರಡನೆಯದಕ್ಕೆ ಕಳ್ಳ, ಮೂರನೆಯದಕ್ಕೆ ಮೊಸರು ಮಾರುವ ಮುದುಕಿ. ಸೃಷ್ಟಿ ಬಿದ್ದು ಬಿದ್ದು ನಕ್ಕಳು. ಮೂರು ಊರು, ಒಂದು ಕಂಬ, ಎರಡು ಬಿಡಿ.

ಮುನ್ನೂರ ಹನ್ನೆರಡು.

ಆಗ ಹೊಳೆಯಿತು. ಒಂದು ನಾಣ್ಯ ಎಂದರೆ ಒಂದು ಕವರು. ಒಂದು ಕವರು ಎಂದರೆ ಒಂದು ಪೂಜೆ. ನಮ್ಮ ಯುಗಾದಿಯೂ ಇಲ್ಲಿಯ ಟ್ಯಾಕ್ಸ್ ವರ್ಷವೂ ಹತ್ತಿರ ಹತ್ತಿರ ಮುಗಿಯುತ್ತವೆ. ನನ್ನ ಮೇಜಿನ ಮೇಲಿರುವ ಆ ಒಂದೇ ಹಾಳೆಯ ವರ್ಷ ಇದೇ. ಕವರಿಗೆ ನೂರರಂತೆ ಮೂವತ್ತೊಂದು ಸಾವಿರ ಪೌಂಡ್ ನನ್ನ ಜಮಖಾನದ ಮೇಲೆ ಕಂಬ ಕಟ್ಟಿ ನಿಂತಿತ್ತು.

"ಟ್ವೆಂಟಿ ಎಯ್ಟ್ ಶಾರ್ಟ್," ಎಂದಳು. ಮುಖ ಸಣ್ಣದಾಯಿತು.

ನಾನು ಕೊಡುತ್ತೇನೆ ಎಂದೆ. ತಲೆಯಾಡಿಸಿದಳು. "ಅಮ್ಮ ಸೇಸ್ ನೋ ಬಾರೋಯಿಂಗ್." ನಾವು ಎಣಿಸಿದ್ದು ಯಾರಿಗೂ ಹೇಳಬಾರದು, ಅಮ್ಮನಿಗೂ ಅಪ್ಪನಿಗೂ. ಕಿರುಬೆರಳು ಚಾಚಿದಳು. ನಾನೂ ಚಾಚಿದೆ.

14 ಜನವರಿ, ಸಂಕ್ರಾಂತಿ

ವಿಜಯಾ ಎಳ್ಳು ಬೆರೆಸುತ್ತ ಕೇಳಿದಳು, "ಹೊಟ್ಟೆ ಸರಿ ಇಲ್ವೇನ್ರೀ? ಮೂರು ದಿನದಿಂದ ಒಂದು ಕಥೆನೂ ಇಲ್ಲ. ಮನೆ ಆಸ್ಪತ್ರೆ ಇದ್ದಂಗಿದೆ."

ಸುಸ್ತು ಎಂದೆ.

ನನಗೆ ಲೈಸೆನ್ಸ್ ಕೊಟ್ಟವರ ನಿಯಮವಿದೆ. ಕ್ಲೈಂಟ್ ಆದಾಯ ಮುಚ್ಚಿಡುತ್ತಿದ್ದಾನೆಂಬ ಅನುಮಾನ ಬಂದರೆ ಸರ್ಕಾರಕ್ಕೆ ವರದಿ ಮಾಡಬೇಕು. ಮಾಡಿದ್ದನ್ನು ಅವನಿಗೆ ತಿಳಿಸಕೂಡದು. ಅವನ ಕಿವಿಗೆ ಬೀಳುವಂತೆ ಇನ್ನೊಬ್ಬರಿಗೂ ಹೇಳಕೂಡದು. ಹೇಳಿದರೆ ಅದೇ ಅಪರಾಧ. ಲೈಸೆನ್ಸೂ ಹೋಗುತ್ತದೆ, ಜೈಲೂ ಆಗಬಹುದು.

ಆದರೆ ಕೆಲಸದಲ್ಲಿ ತಿಳಿದದ್ದಕ್ಕೆ ಮಾತ್ರ ಈ ನಿಯಮ. ಇದು ತಿಳಿದದ್ದು ಮನೆಯ ಜಮಖಾನದ ಮೇಲೆ, ಮಗುವಿನ ಆಟದಲ್ಲಿ. ಆ ಸಂದಿಯಲ್ಲಿ ನುಸುಳಿಕೊಳ್ಳಬಹುದೇ... ಬೆಳಿಗ್ಗೆಯಿಂದ ಅದೇ ಯೋಚನೆ.

27 ಜನವರಿ, ಸೋಮವಾರ

ಆಚಾರ್ಯರು ಸಹಿ ಹಾಕಲು ಬಂದರು. ಎಜ್‌ವೇರ್‌ನ ಡಾಕ್ಟರ ಮನೆಯ ಲಾಡು ತಂದಿದ್ದರು. ನಾನು ಸೃಷ್ಟಿಯ ಡಬ್ಬಿಯ ಮಾತೆತ್ತಲಿಲ್ಲ. ಈ ಅಂಕೆ ಕಡಿಮೆಯಾಯಿತು, ಈ ಸಲ ಕವರುಗಳನ್ನು ಸರಿಯಾಗಿ ಸೇರಿಸೋಣ ಎಂದಷ್ಟೇ ಅಂದೆ.

"ಎಂತ ಆಯ್ತು ನಿಮಗೆ? ಊರಿಗೆಲ್ಲ ಕಥೆ ಹೇಳುವವರು, ನನ್ನ ಫಾರಮ್ಮಿಗೆ ಮಾತ್ರ ಸತ್ಯ ಬೇಕಾ?"

"ಮಗುವಿಗೆ ಸೇರಬೇಕಾದ್ದು ಅದು."

ನಗು ನಿಂತಿತು. ಶಾಲಿನ ತುದಿ ಸರಿಮಾಡಿಕೊಂಡರು.

"ಮಗುವಿಗೇ ಇಡುದು ಪ್ರಸಾದರೇ. ನಾನು ಇರುವ ರೂಮು ಎಂತದು? ಮಂಚ ಹಾಕಿದ್ರೆ ಬಾಗಿಲು ತೆರೀಲಿಕ್ಕೆ ಆಗುದಿಲ್ಲ. ಅವಳು ಬಂದ್ರೆ ನಾನು ನೆಲದಲ್ಲಿ. ಎರಡು ಬೆಡ್‌ರೂಮಿನ ಮನೆ ತಕೊಂಡ್ರೆ ವಾರಕ್ಕೆ ಮೂರು ದಿನ ಕೇಳ್ಬಹುದು. ಡೆಪಾಸಿಟಿಗೆ ಸ್ವಲ್ಪವೇ ಬಾಕಿ. ಈಗ ಎಲ್ಲ ತೋರಿಸಿದ್ರೆ ಅರ್ಧ ಟ್ಯಾಕ್ಸು, ಅರ್ಧ ಅವಳಮ್ಮನ ಬಾಡಿಗೆಗೆ. ಮಗಳಿಗೆ ಒಂದು ಕೋಣೆ ಅಂತ ಆಗುದು ಯಾವಾಗ?"

"ಅವಳು ಈಗ ಇರುವ ಕೋಣೆ ಹೋದರೆ?"

"ಹೋಗುದಿಲ್ಲ. ಗಾರ್ಗಿ ಗಟ್ಟಿಗಿತ್ತಿ." ಪೆನ್ನು ತೆಗೆದರು. "ಇಲ್ಲಿ ಅಲ್ವಾ?"

ಸಹಿ ಹಾಕಿದರು. ನಾನು ಲಾಡು ತಿಂದೆ.

31 ಜನವರಿ, ಶುಕ್ರವಾರ. ಮಧ್ಯಾಹ್ನ 4:40

ನಲವತ್ತಮೂರು ರಿಟರ್ನ್ ಹೋದವು. ಅವರದು ಕೊನೆಗೆ ಉಳಿಸಿದ್ದೆ. ಹನ್ನೊಂದು ಸಾವಿರದ ನಾನೂರು. ಪರದೆಯ ಮೇಲೆ ಪ್ರಶ್ನೆ: ಕೊಟ್ಟ ಮಾಹಿತಿ ನಿಮಗೆ ತಿಳಿದ ಮಟ್ಟಿಗೆ ಸರಿಯೇ?

ಹೌದು ಎಂಬುದನ್ನು ಒತ್ತಿದೆ.

22 ಫೆಬ್ರವರಿ, ಶನಿವಾರ

ಮೂರು ವಾರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ, ಅಥವಾ...

ಗಾರ್ಗಿ ಆರಕ್ಕೆ ಬಂದಳು. ಸೃಷ್ಟಿ ಶೂ ಹುಡುಕುತ್ತಿದ್ದಾಗ ಅಡುಗೆಮನೆಯಲ್ಲಿ ವಿಜಯಾಳಿಗೆ ಹೇಳುತ್ತಿದ್ದದ್ದು ಕೇಳಿಸಿತು.

"ಮಗಳ ಡಬ್ಬಿ ಒಡದೆ ಅಕ್ಕಾ. ಗ್ಯಾಸ್ ಮೀಟರಿಗೆ, ಬಾಡಿಗಿಗೆ. ಎಷ್ಟಿತ್ತು ಅಂತ ನೋಡಲೂ ಇಲ್ಲ, ಹಿಡಿ ಹಿಡಿ ತಗದೆ. 'ಇಟ್ಸ್ ಓಕೆ ಅಮ್ಮ, ಐ ಡೋಂಟ್ ಲೈಕ್ ವೇಲ್ಸ್' ಅಂತು ಹುಡುಗಿ. ಎಲ್ಲಿಯ ವೇಲ್ಸು? ನಂಗ ಗೊತ್ತೇ ಇದ್ದಿದ್ದಿಲ್ಲ."

"ಮುಂದೇನು ಮಾಡ್ತೀಯ?"

"ಆಗಸ್ಟ್‌ತನಕ ಹೆಂಗರ ಎಳೀತೀನಿ. ಆಮ್ಯಾಲ ಲೆಸ್ಟರ್. ನಮ್ಮ ಚಿಕ್ಕಮ್ಮನ ಮನಿ, ಮ್ಯಾಲಿನ ಅಟ್ಟದ ರೂಮು. ಅಲ್ಲಿಂದ ಶುಕ್ರವಾರ ಶುಕ್ರವಾರ ಅಪ್ಪನ ಹಂತ್ಯಾಕ ಹೆಂಗ ಕಳಸಲಿ? ಅದೂ ಮುಗೀತು."

ಬಾಗಿಲಲ್ಲಿ ಸೃಷ್ಟಿ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಎಣಿಸಿದ್ದರ ಗುಟ್ಟು ಇನ್ನೂ ಗುಟ್ಟೇ.

10 ಮಾರ್ಚ್, ಸೋಮವಾರ. ಬೆಳಿಗ್ಗೆ 11

ಮಾಡಿದೆ.

ಸೀರೆ ಅಂಗಡಿ ತೆರೆಯುವ ಮೊದಲೇ ಬಂದು ಕೂತೆ. ವರದಿಯ ಆನ್‌ಲೈನ್ ಫಾರಂ. ಕ್ಲೈಂಟ್ ಹೆಸರು, ವಿಳಾಸ, ಅನುಮಾನಕ್ಕೆ ಕಾರಣ. ನಾನು ಕಳಿಸಿದ ರಿಟರ್ನ್ ತಪ್ಪು ಎಂದು ನನ್ನದೂ ಬರೆದೆ. ಮಗುವಿನ ಹೆಸರು ಹಾಕಲಿಲ್ಲ, ಡಬ್ಬಿಯ ಮಾತು ಹಾಕಲಿಲ್ಲ. "ಆ ವರ್ಷದಲ್ಲಿ ನಡೆಸಿದ ಪೂಜೆಗಳು: 312."

ಕಳಿಸಿ ಆದಮೇಲೆ ಹಗುರವಾಯಿತು. ಲೆಕ್ಕ ಸರಿಯಾದರೆ ವಾರಕ್ಕೆ ಐವತ್ತೇಳು ಬರುತ್ತದೆ, ಜೊತೆಗೆ ಹಳೆಯ ಬಾಕಿ. ಫ್ಲಾಟ್ ಉಳಿಯುತ್ತದೆ. ಶುಕ್ರವಾರಗಳು ಉಳಿಯುತ್ತವೆ. ಆಚಾರ್ಯರಿಗೆ ಸ್ವಲ್ಪ ದಂಡ ಬೀಳಬಹುದು, ಬೀಳಲಿ.

ಯಾರಿಗೂ ಹೇಳುವಂತಿಲ್ಲ. ವಿಜಯಾಳಿಗೂ. ಇಷ್ಟು ವರ್ಷದಲ್ಲಿ ಬಸ್ಸಿನಲ್ಲಿ ಕಂಡ ನಾಯಿಯ ಕಥೆಯನ್ನೂ ಅವಳಿಗೆ ಹೇಳದೆ ಊಟ ಮಾಡಿದವನಲ್ಲ.

30 ಮಾರ್ಚ್, ಯುಗಾದಿ

ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದಿನವೂ ಇವತ್ತೇ ಬಂತು. ಹಬ್ಬದ ಕೂಟಕ್ಕೆ ಅರ್ಧ ಜನ ತಡ. ಆಚಾರ್ಯರು ವೇದಿಕೆಯಿಂದ, "ಸಂವತ್ಸರ ಬಂದಾಯ್ತು, ನೀವು ಈಗ ಬರುದಾ?" ಎಂದರು. ಸಭೆಯೆಲ್ಲ ನಗು.

ಮಕ್ಕಳು ಕಥೆ ಕಥೆ ಎಂದು ನನ್ನನ್ನು ವೇದಿಕೆ ಹತ್ತಿಸಿದರು. "ಒಂದೂರಲ್ಲಿ ಒಬ್ಬ ಇದ್ದ..." ಎಂದೆ. ಅವನು ಏನು ಮಾಡುತ್ತಿದ್ದ? ಏನೂ ಬರಲಿಲ್ಲ. ಎದುರಿಗೆ ಮೊದಲ ಸಾಲಿನಲ್ಲಿ ಸೃಷ್ಟಿ, ಹೊಸ ಲಂಗ, ಕಾಲು ಆಡಿಸುತ್ತ. ಪಕ್ಕದಲ್ಲಿ ಅಪ್ಪ. ನೀರು ಕುಡಿದೆ. ಮತ್ತೆ "ಒಂದೂರಲ್ಲಿ ಒಬ್ಬ..."

ಆಚಾರ್ಯರು ಬಂದು ಬೆನ್ನು ತಟ್ಟಿ ಮೈಕ್ ತೆಗೆದುಕೊಂಡರು. "ಪ್ರಸಾದರ ಸ್ಟಾಕ್ ಖಾಲಿ! ಊಟಕ್ಕೆ ಏಳಿ!"

ಬೆನ್ನಿನ ಮೇಲೆ ಆ ಕೈ ಇನ್ನೂ ಇದೆ.

19 ಮೇ, ಸೋಮವಾರ

ಆಚಾರ್ಯರು ಮೆಟ್ಟಿಲು ಹತ್ತಿ ಬಂದ ರಭಸಕ್ಕೇ ಗೊತ್ತಾಯಿತು. ಕೈಯಲ್ಲಿ ಕಂದು ಲಕೋಟೆ.

"ಇದು ಎಂತ ಅಂತ ಓದಿ. ನಿಮ್ಮ ಇಂಗ್ಲಿಷ್ ಚಂದ, ಒಂದು ಉತ್ತರ ಬರೀರಿ."

ಟ್ಯಾಕ್ಸ್ ತನಿಖೆಯವರ ಪತ್ರ. 2023ರ ಏಪ್ರಿಲಿನಿಂದ 2024ರ ಏಪ್ರಿಲ್‌ವರೆಗೆ ನಡೆಸಿದ 312 ಪೂಜೆಗಳ ಆದಾಯದ ವಿವರ ಒದಗಿಸಿ. ಹಾಗೇ ಇತ್ತು, ಅಂಕೆ ಅಂಕೆಯಾಗಿ. ನಾನು ಬರೆದದ್ದನ್ನು ಯಾರೋ ಪುಣ್ಯಾತ್ಮ ಹಾಗೇ ಎತ್ತಿ ಪತ್ರಕ್ಕೆ ಹಾಕಿದ್ದಾನೆ.

"ಮುನ್ನೂರ ಹನ್ನೆರಡು! ಎಷ್ಟು ಅಂತ ನನಗೇ ಗೊತ್ತಿಲ್ಲ ಮಾರಾಯ್ರೇ. ಇವರು ಎಲ್ಲಿಂದ..."

ಅಲ್ಲಿಗೆ ನಿಂತರು. ಕುರ್ಚಿ ಹುಡುಕಿ ಕೂತರು. ತುಟಿ ಅಲುಗಾಡುತ್ತಿತ್ತು, ಮಂತ್ರ ಹೇಳುವಾಗಿನ ಹಾಗೆ.

"ಆ ಲೆಕ್ಕ ಇರುದು ಒಂದೇ ಕಡೆ," ಎಂದರು. "ಮಗಳ ಡಬ್ಬಿಯಲ್ಲಿ."

ನಾನು ಪತ್ರ ನೋಡುತ್ತಿದ್ದೆ.

"ಅವಳಮ್ಮ ಡಬ್ಬಿ ಒಡೆದದ್ದು ಗೊತ್ತುಂಟು ನನಗೆ. ಕಷ್ಟ ಇರ್ಬೇಕು ಅಂತ ಸುಮ್ಮನಿದ್ದೆ. ಮಗುವನ್ನು ಎದುರು ಕೂರಿಸಿ ಎಣಿಸಿದ್ದು ಅಲ್ವಾ ಇದು? ಮಗಳು ಕೂತು ಎಣಿಸಿಕೊಟ್ಟದ್ದು ಅಲ್ವಾ? ಹೇಳಿ ಪ್ರಸಾದರೇ, ಎಂತಾದ್ರೂ ಹೇಳಿ."

"ಉತ್ತರಕ್ಕೆ ಮೂವತ್ತು ದಿನ ಸಮಯ ಇದೆ," ಎಂದೆ.

ಅಷ್ಟೇ ಅಂದದ್ದು ನಾನು.

'ಸುಮಾರು ಮುನ್ನೂರು' ಎಂದು ಬರೆದಿದ್ದರೆ ಯಾರದೋ ಊಹೆ ಎಂದುಕೊಳ್ಳುತ್ತಿದ್ದರು. ಸುಮಾರು ಎಂದು ಬರೆಯಲು ಈ ಕೈಗೆ ಬರುವುದಿಲ್ಲ. ಲೆಕ್ಕ ಕೊಟ್ಟರೆ ಕಥೆ ನಿಲ್ಲುತ್ತದಲ್ಲ. ನಿಂತಿತು.

31 ಮೇ, ಶನಿವಾರ

ಸೃಷ್ಟಿ ಎರಡು ವಾರದಿಂದ ಶುಕ್ರವಾರ ಅಪ್ಪನ ರೂಮಿಗೆ ಹೋಗಿಲ್ಲ. ಕೆಲಸ ಉಂಟು ಎಂದರಂತೆ. ಇವತ್ತು ಗಾರ್ಗಿಯೇ ಬೆಳಿಗ್ಗೆ ತಂದು ಬಿಟ್ಟಳು. ವಿಜಯಾ ಸಾಮಾನಿಗೆ ಹೋಗಿದ್ದಳು. ಸೃಷ್ಟಿ ದೋಸೆಯನ್ನು ಚೂರು ಚೂರು ಮಾಡಿ ತಟ್ಟೆಯ ಸುತ್ತ ಜೋಡಿಸಿದಳು.

"ಅಪ್ಪ ಒನ್ ಡೇ ಸ್ಕೂಲಿಗೆ ಬಂದು ಕೇಳಿದ್ರು. ಡಿಡ್ ಯು ಕೌಂಟ್. ಐ ಸೆಡ್ ಯೆಸ್."

"ಮತ್ತೆ?"

"ಹೂ ವಿತ್, ಅಂದ್ರು. ಐ ಸೆಡ್ ಬೈ ಮೈಸೆಲ್ಫ್. ಬಿಕಾಸ್ ವಿ ಪ್ರಾಮಿಸ್ಡ್." ತಲೆ ಎತ್ತಲಿಲ್ಲ. "ಹಿ ಸೆಡ್, ನೀನೇ ಲೆಕ್ಕ ಕೊಟ್ಟೆಯಾ ಮಗಾ. ದೆನ್ ಹಿ ಡಿಡಂಟ್ ಟಾಕ್. ಹೋಲ್ ವೇ ಇನ್ ದ ಕಾರ್."

ಒಲೆಯ ಮೇಲೆ ಹಂಚು ಹೊಗೆಯಾಡುತ್ತಿತ್ತು. ಆರಿಸಿದೆ.

"ಮಾಮ, ಯು ಡಿಡಂಟ್ ಟೆಲ್ ಎನಿವನ್, ನೋ?"

ಇಲ್ಲ ಎಂದೆ.

"ಓಕೆ," ಎಂದಳು. ನಂಬಿದಳು.

6 ಆಗಸ್ಟ್, ಬುಧವಾರ

ಗಾರ್ಗಿಗೆ ಆ ಕಚೇರಿಯ ಪತ್ರ ಹೋದ ತಿಂಗಳೇ ಬಂದಿತ್ತು. ವಾರಕ್ಕೆ ಐವತ್ತೇಳು ಪೌಂಡ್, ಹಿಂದಿನ ಬಾಕಿ ಬೇರೆ. ನನ್ನ ಅಂದಾಜು ಒಂದು ಪೌಂಡೂ ತಪ್ಪಲಿಲ್ಲ.

ಈ ತಿಂಗಳು ಬರಬೇಕಿದ್ದ ಮೊದಲ ಕಂತು ಬರಲಿಲ್ಲ.

ಮಧ್ಯಾಹ್ನ ವಾಟ್ಸಾಪ್ ಕರೆ. ಆಚಾರ್ಯರು. ಹಿಂದೆ ಕಾಗೆ, ಬಸ್ಸಿನ ಹಾರ್ನ್.

"ಉಡುಪಿಯಲ್ಲಿದ್ದೇನೆ. ಹತ್ತು ದಿನ ಆಯ್ತು. ರೂಮ್ ಬಿಟ್ಟೆ, ಕಾರು ಮಾರಿದೆ. ಟ್ಯಾಕ್ಸು, ದಂಡ ಅಂತ ಡೆಪಾಸಿಟಿಗೆ ಇಟ್ಟದ್ದೆಲ್ಲ ಹೋಯ್ತು. ನನ್ನ ಫೈಲ್ ನೀವು ಮುಚ್ಚಬಹುದು."

"ತಿಂಗಳ ಹಣ? ಸೃಷ್ಟಿಯದ್ದು?"

"ಇಲ್ಲಿಯ ದಕ್ಷಿಣೆ ಹನ್ನೊಂದು ರೂಪಾಯಿ ಪ್ರಸಾದರೇ. ಅದರಲ್ಲಿ ಎಷ್ಟು ಕೊಡ್ಬೇಕು ಅಂತ ಆ ಕಚೇರಿಯಲ್ಲಿ ಕೇಳಿ ಹೇಳಿ."

"ಯಾವಾಗ ವಾಪಸ್?"

"ಯಾರಿಗೆ ಅಂತ ಬರ್ಲಿ? ಒಂದೊಂದೇ ನಾಣ್ಯ ಎತ್ತಿಟ್ಟದ್ದು ನಾನು. ಅದನ್ನೇ ಹಿಡಿದು ಹೊಡೆದಳಲ್ಲ."

"ಅವಳು ಮಗು."

"ಗೊತ್ತುಂಟು. ಅದಕ್ಕೇ ಫೋನ್ ಮಾಡ್ಲಿಕ್ಕೆ ಹೆದರಿಕೆ. ಎಂತಾದ್ರೂ ಅಂದುಬಿಟ್ಟೇನು ಅಂತ."

ಆಗ ಹೇಳಬಹುದಿತ್ತು. ಅವಳಲ್ಲ ಆಚಾರ್ಯರೇ, ನಾನು. ಬಾಯಿಗೆ ಬಂದಿತ್ತು. ಲೈಸೆನ್ಸ್ ನೆನಪಾಯಿತು, ಮನೆಯ ಸಾಲ ನೆನಪಾಯಿತು, ಐವತ್ತೆಂಟನೇ ವಯಸ್ಸಿನಲ್ಲಿ ಕೋರ್ಟು ನೆನಪಾಯಿತು. ಆರೋಗ್ಯ ನೋಡಿಕೊಳ್ಳಿ ಎಂದೆ.

29 ಆಗಸ್ಟ್, ಶುಕ್ರವಾರ

ನಾಳೆ ಗಾರ್ಗಿ ಫ್ಲಾಟ್ ಖಾಲಿ ಮಾಡುತ್ತಾಳೆ. ಲೆಸ್ಟರ್. ವಿಜಯಾ ಚಟ್ನಿಪುಡಿ ಕಟ್ಟಿದಳು.

"ಒಂದು ಮಾತು ಹೇಳ್ತೀನಿ ಕೇಳಿ," ಎಂದಳು. "ಆ ಮಗು ಸ್ನಾನದ ಮನೇಲಿ ಅಳತ್ತಂತೆ. ತಾನೇ ಅಪ್ಪನ್ನ ಓಡಿಸಿದ್ದು ಅಂತ. ಗಾರ್ಗಿ ಎಷ್ಟು ಹೇಳಿದ್ರೂ ಕೇಳಲ್ವಂತೆ. ನಿಮ್ ಮಾತು ಕೇಳತ್ತೆ ಅದು. ಏನಾದ್ರೂ ಒಂದು ಕಥೆ ಕಟ್ಟಿ ಸಮಾಧಾನ ಮಾಡಿ."

ಹ್ಞೂಂ ಎಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಪುಡಿಯ ಡಬ್ಬಿಗೆ ಮುಚ್ಚಳ ಹಾಕಿದಳು.

30 ಆಗಸ್ಟ್, ಶನಿವಾರ. ಸಂಜೆ 5

ಅಕ್ಸ್‌ಬ್ರಿಡ್ಜ್‌ನ ಗಾರ್ಗಿಯ ಫ್ಲಾಟಿನಿಂದ ಬಂದು ಕೂತಿದ್ದೇನೆ. ಷರ್ಟಿಗೆಲ್ಲ ಧೂಳು.

ವ್ಯಾನ್ ಹನ್ನೆರಡಕ್ಕೆ ಬರಬೇಕಾದ್ದು ಒಂದೂವರೆಗೆ ಬಂತು. ಎರಡು ಮಂಚ, ಫ್ರಿಜ್, ಹದಿನೆಂಟು ಪೆಟ್ಟಿಗೆ. ಲಿಫ್ಟ್ ಕೆಟ್ಟಿತ್ತು. ಗಾರ್ಗಿಯೂ ವಿಜಯಾಳೂ ಮೇಲೆ ಅಡುಗೆಮನೆ ಒರೆಸುತ್ತಿದ್ದರು, ಕಲೆ ಇದ್ದರೆ ಅಡ್ವಾನ್ಸ್ ಹಿಡಿಯುತ್ತಾರೆಂದು. ಸೃಷ್ಟಿ ಕೆಳಗೆ ನನ್ನ ಕಾರಿನ ಮುಂದಿನ ಸೀಟಿನಲ್ಲಿ ಮಡಿಲಲ್ಲೊಂದು ಕುಂಡ ಇಟ್ಟುಕೊಂಡು ಕೂತಿದ್ದಳು.

ನಾನು ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡೆ.

"ಒಂದೂರಲ್ಲಿ..." ಎಂದೆ. ಅಭ್ಯಾಸ.

"ನಾಟ್ ಟುಡೇ, ಮಾಮ."

ಸರಿ, ಎಂದೆ. ಹಾಗೇ ಹೇಳಿದೆ. ಎಣಿಸಿದ ಮೇಲೆ ನಾನು ಬರೆದು ಕಳಿಸಿದೆ. ನಿಮ್ಮಪ್ಪನಿಗೆ ಪತ್ರ ಬಂದದ್ದು ಅದರಿಂದ. ನೀನು ಕೇಳಿದಾಗ ಇಲ್ಲ ಎಂದದ್ದು ಸುಳ್ಳು. ನಿನ್ನ ತಪ್ಪು ಏನೂ ಇಲ್ಲ. ಇಷ್ಟೇ. ನನ್ನ ಜೀವಮಾನದಲ್ಲಿ ಹೇಳಿದ ಅತಿ ಚಿಕ್ಕ ಕಥೆ.

ಅವಳು ಕುಂಡವನ್ನು ಕಾಲ ಬಳಿ ಇಟ್ಟಳು. ಜೇಬಿನಿಂದ ಅಮ್ಮನ ಹಳೆಯ ಫೋನ್ ತೆಗೆದಳು. ಅಪ್ಪನ ಹೆಸರು ಒತ್ತಿದಳು. ಮೂರು ತಿಂಗಳಲ್ಲಿ ಅವಳು ಮಾಡಿದ ಕರೆಗಳೆಲ್ಲ ಅಲ್ಲಿ ಸಾಲಾಗಿದ್ದವು, ಕೆಂಪಾಗಿ. ಒಂದಕ್ಕೂ ಉತ್ತರವಿಲ್ಲ.

"ಟೆಲ್ ಹಿಮ್," ಎಂದು ಫೋನನ್ನು ನನ್ನ ಕೈಗಿಟ್ಟಳು.

"ಪುಟ್ಟಾ, ಅದು ಅಷ್ಟು ಸುಲಭ ಅಲ್ಲ. ಕಾನೂನು..."

"ಹೇಳಿ," ಎಂದಳು. ಕನ್ನಡದಲ್ಲಿ.

ರಿಂಗಾಗುತ್ತಿತ್ತು. ಎತ್ತುವುದಿಲ್ಲ ಎಂದುಕೊಂಡೆ. ಎತ್ತದಿರಲಿ ಎಂದುಕೊಂಡೆ. ಉಡುಪಿಯಲ್ಲಿ ಸಂಜೆ ಏಳು, ದೀಪ ಹಚ್ಚುವ ಹೊತ್ತು. ಏಳನೆಯದೋ ಎಂಟನೆಯದೋ ರಿಂಗಿಗೆ ಆ ಕಡೆ ಯಾರೋ ಉಸಿರಾಡಿದರು.

"ಎಂತ ಮಗಾ?" ಎಂದರು. ಬಹಳ ಮೆಲ್ಲಗೆ.

"ಮಗಳಲ್ಲ ಆಚಾರ್ಯರೇ," ಎಂದೆ. "ನಾನು."